ಸಹೇಲ್‌ಗೆ ಟ್ರ್ಯಾಕ್ಟರ್ ಕಳಿಸುವ ಮುನ್ನ: ಆಫ್ರಿಕಾದ ಕೃಷಿ ನೆರವು ನಿರ್ಧರಿಸುವ ದೆಹಲಿಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಬುರ್ಕಿನಾ ಫಾಸೊ, ನೈಜರ್, ಮಾಲಿಯಂಥ ದೇಶಗಳ ಕೃಷಿಗೆ ಭಾರತ ಕೊಡುವ ಸಾಲ, ಅನುದಾನ, ತರಬೇತಿಯ ಕಡತಗಳು ನಿಮ್ಮ ಮೇಜಿನ ಮೇಲೆಯೇ ಹಾದುಹೋಗುತ್ತವೆ. 2004ರಲ್ಲಿ ‘ಟೀಮ್–9’ ಹೆಸರಿನಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಎಂಟು ದೇಶಗಳಿಗೆ 50 ಕೋಟಿ ಡಾಲರ್ ಸಾಲ ಪ್ರಕಟವಾದ ಕಾಲದಿಂದಲೂ ನಮ್ಮ ಕೃಷಿ ನೆರವು ಎಂದರೆ ಹೆಚ್ಚಾಗಿ ಯಂತ್ರ. ಎಲ್ಲ ಕಡೆಯೂ ಅದು ತಪ್ಪು ಎನ್ನುತ್ತಿಲ್ಲ. ಸೆನೆಗಲ್ ನದಿ ಕಣಿವೆಗೆ ಹೋದ ಪಂಪುಗಳು ಭತ್ತಕ್ಕೆ ಕೆಲಸಕ್ಕೆ ಬಂದವು, ಅಲ್ಲಿ ಎತ್ತಲು ನೀರಿತ್ತು. ಈ ಪತ್ರ ನೀರಿಲ್ಲದ ಕಡೆಯದು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ, ವರ್ಷಕ್ಕೆ 300ರಿಂದ 800 ಮಿಲಿಮೀಟರ್ ಮಳೆ ಬೀಳುವ, ಆ ಮಳೆಯೂ ಮೂರ್ನಾಲ್ಕು ತಿಂಗಳಲ್ಲೇ ಮುಗಿದುಹೋಗುವ ಸಹೇಲ್ ಪಟ್ಟಿಯ ಜೋಳ–ಸಜ್ಜೆ ಹೊಲಗಳದು.

ಅಲ್ಲಿನ ರೈತರಿಗೆ ಏನು ಮಾಡಬೇಕೆಂಬುದು ಗೊತ್ತಿದೆ. ಬರಡು ನೆಲದಲ್ಲಿ ಗುಂಡಿ ತೆಗೆದು, ಕಲ್ಲಿನ ಸಾಲು ಹಾಕಿ, ಮರ ಚಿಗುರಲು ಬಿಟ್ಟು ನಲವತ್ತು ವರ್ಷಗಳಿಂದ ಮಾಡಿ ತೋರಿಸಿದ್ದಾರೆ. ಅವರಿಗೆ ಸಾಲದೆ ಬರುವುದು ಬೇಸಿಗೆಯ ಕೂಲಿ, ಕಲ್ಲು ಹೊರುವ ಗಾಡಿ, ಗೊಬ್ಬರ, ಮತ್ತು ತಾವು ಸುಧಾರಿಸಿದ ನೆಲ ತಮ್ಮ ಕೈಯಲ್ಲೇ ಉಳಿಯುತ್ತದೆಂಬ ಭರವಸೆ. ಹಣ ಇವಕ್ಕೆ ಹೋಗಲಿ ಎಂಬುದಷ್ಟೇ ನಮ್ಮ ಮಾತು. ಪತ್ರ ಕನ್ನಡದಲ್ಲಿರುವುದಕ್ಕೆ ಕಾರಣ ಸರಳ. ನಿಮ್ಮ ತಜ್ಞರ ಪಟ್ಟಿಯಲ್ಲಿ, ತರಬೇತಿ ಕೇಂದ್ರಗಳಲ್ಲಿ, ಯಂತ್ರ ಸರಬರಾಜುದಾರರಲ್ಲಿ ಕರ್ನಾಟಕದವರು ಸಾಕಷ್ಟಿದ್ದಾರೆ, ಅವರೂ ಓದಬೇಕು.

ಮೊದಲು ನೆಲದ ವಿಷಯ. ಬುರ್ಕಿನಾದ ಉತ್ತರಕ್ಕಿರುವ ಯಾಟೆಂಗಾ ಪ್ರಾಂತ್ಯದಲ್ಲಿ, ಉವಾಹಿಗುಯಾ ಪಟ್ಟಣದ ಸುತ್ತಮುತ್ತ, ಮೊಸ್ಸಿ ರೈತರು ‘ಜಿಪೆಲ್ಲೆ’ ಎನ್ನುವ ನೆಲವಿದೆ. ಹುಲ್ಲುಕಡ್ಡಿ ಇಲ್ಲ, ಬೆಳ್ಳಗೆ ಹೊಳೆಯುತ್ತದೆ, ಕಾಲಲ್ಲಿ ಒದ್ದರೆ ಟಣ್ಣೆನ್ನುತ್ತದೆ. ಮರ, ಹುಲ್ಲು ಹೋದ ಮೇಲೆ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ನುಣ್ಣನೆಯ ಕಣಗಳು ಎದ್ದು ಸಂದುಗಳಲ್ಲಿ ಕೂತು, ಒಣಗಿ, ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಹಕ್ಕಳೆ ಕಟ್ಟುತ್ತದೆ. ಮುಂದಿನ ಮಳೆ ಇದರ ಮೇಲೆ ಜಾರಿಹೋಗುತ್ತದೆ. 1968–73ರ ಬರ, ಆಮೇಲೆ 1983–84ರ ಬರ, ಎರಡೂ ಸೇರಿ ಈ ನೆಲವನ್ನು ಹಬ್ಬಿಸಿದವು; ಜನ ಊರು ಬಿಟ್ಟು ದಕ್ಷಿಣಕ್ಕೆ, ಐವರಿ ಕೋಸ್ಟ್ ಕಡೆಗೆ ಹೋದರು.

ಇಂಥ ನೆಲಕ್ಕೆ ಟ್ರ್ಯಾಕ್ಟರ್ ನೇಗಿಲು ಹಾಕಿದರೆ ಹಕ್ಕಳೆ ಒಡೆಯುತ್ತದೆ, ನಿಜ. ಆದರೆ ಉತ್ತ ಮಣ್ಣಿನಲ್ಲಿ ಕಣಗಳನ್ನು ಹಿಡಿದಿಡುವ ಸಾವಯವ ಅಂಶವೇ ಇಲ್ಲ. ನಾಲ್ಕು ದೊಡ್ಡ ಮಳೆ ಬಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸಡಿಲಾದದ್ದೆಲ್ಲ ಕೊಚ್ಚಿಹೋಗುತ್ತದೆ. ಡೀಸೆಲ್, ಬಿಡಿಭಾಗ, ಮೆಕ್ಯಾನಿಕ್ ಪ್ರಶ್ನೆಗಳೆಲ್ಲ ಆಮೇಲಿನವು.

ಯಂತ್ರದ ಪಾಠ ಯಾಟೆಂಗಾಕ್ಕೆ ಹೊಸದೂ ಅಲ್ಲ. 1962ರಿಂದ 65ರವರೆಗೆ ‘ಜೆರೆಸ್’ ಎಂಬ ಯುರೋಪಿನ ನೆರವಿನ ಯೋಜನೆ ಬುಲ್‌ಡೋಜರ್‌ಗಳನ್ನಿಳಿಸಿ ಸುಮಾರು 1,20,000 ಹೆಕ್ಟೇರಿಗೆ ಮಣ್ಣಿನ ಒಡ್ಡು ಹಾಕಿತು. ಎಂಜಿನಿಯರ್‌ಗಳ ಲೆಕ್ಕದಲ್ಲಿ ಕೆಲಸ ಶುದ್ಧವಾಗಿತ್ತು. ಆದರೆ ಒಡ್ಡು ಯಾರ ಹೊಲದಲ್ಲಿ ಹಾಯಬೇಕೆಂದು ಹೊಲದವರನ್ನು ಕೇಳಲಿಲ್ಲ. ನೀರೆಲ್ಲ ಕಾಲುವೆ ಹಿಡಿದು ಹೊರಹೋಗುವಂತೆ ವಿನ್ಯಾಸ ಮಾಡಿದ್ದರು. ರೈತರಿಗೆ ಬೇಕಾಗಿದ್ದದ್ದು ಆ ನೀರು ಹೊಲದಲ್ಲೇ ಉಳಿಯುವುದು. ಒಡ್ಡು ಒಡೆದ ಕಡೆ ಯಾರೂ ಒಂದು ಮಂಕರಿ ಮಣ್ಣು ಹಾಕಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಇಲ್ಲವಾಯಿತು.

ನೆಲವನ್ನು ವಾಪಸು ತಂದದ್ದು ‘ಜಾಯಿ’, ಅಂದರೆ ಮಳೆಗೂ ಮುನ್ನ ಅಗೆದಿಡುವ ಸಣ್ಣ ಬಿತ್ತನೆ ಗುಂಡಿ. ಅದು ಆ ಸೀಮೆಯದೇ ಹಳೆಯ ಪದ್ಧತಿ. 1980ರ ಆಸುಪಾಸಿನಲ್ಲಿ ಉವಾಹಿಗುಯಾ ಬಳಿಯ ಗೂರ್ಗಾ ಹಳ್ಳಿಯ ಯಾಕೂಬಾ ಸವಾಡೊಗೊ ಮತ್ತಿತರ ರೈತರು ಅದನ್ನು ತಿದ್ದಿದರು: ಗುಂಡಿ ಅಗಲ ಮಾಡಿದರು, ಆಳ ಮಾಡಿದರು, ಬಿತ್ತುವ ಮೊದಲೇ ಗೊಬ್ಬರ ಹಾಕಿದರು. ನಿಮ್ಮ ಕಡತದಲ್ಲಿ ಇದು ‘ಜಲ ಸಂಗ್ರಹಣಾ ರಚನೆ’ ಎಂಬ ಒಂದು ಸಾಲಾಗಿರುತ್ತದೆ. ಹೊಲದಲ್ಲಿ ಅದು ಹೀಗಿರುತ್ತದೆ.

ಸುಗ್ಗಿ ಮುಗಿದ ನವೆಂಬರ್‌ನಿಂದ ಮೇ ವರೆಗೆ, ನೆಲ ಒಣಗಿರುವಾಗಲೇ ಅಗೆಯಬೇಕು. ಗುಂಡಿಯ ಬಾಯಿ 20ರಿಂದ 40 ಸೆಂಟಿಮೀಟರ್, ಆಳ 10ರಿಂದ 20. ಗುಂಡಿಯಿಂದ ಗುಂಡಿಗೆ 70–80 ಸೆಂಟಿಮೀಟರ್. ಸಾಲುಗಳು ಇಳಿಜಾರಿಗೆ ಅಡ್ಡವಾಗಿ, ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಕೆಳಸಾಲಿನ ಗುಂಡಿ ಬರಬೇಕು. ತೆಗೆದ ಮಣ್ಣನ್ನು ಇಳಿಜಾರಿನ ಕೆಳಮಗ್ಗುಲಿಗೆ ಅರ್ಧಚಂದ್ರಾಕಾರವಾಗಿ ಒಟ್ಟಬೇಕು, ಮೇಲ್ಗಡೆಯ ಬಾಯಿ ತೆರೆದಿರಬೇಕು. 80 ಸೆಂಟಿಮೀಟರ್ ಅಂತರಕ್ಕೆ ಲೆಕ್ಕ ಹಾಕಿ: ಹೆಕ್ಟೇರಿಗೆ ಹದಿನೈದು ಸಾವಿರಕ್ಕೂ ಮೀರಿ ಗುಂಡಿ. ಗುಂಡಿಯೊಂದರ ಬಾಯಿ, ಅದರ ಪಾಲಿಗೆ ಬರುವ ನೆಲದ ಒಂಬತ್ತರಲ್ಲೊಂದು ಭಾಗ ಮಾತ್ರ. ಉಳಿದ ಎಂಟು ಭಾಗ ಹಕ್ಕಳೆಯನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಬೇಕೆಂದೇ ಬಿಡುತ್ತಾರೆ: ಆ ಗಟ್ಟಿ ನೆಲವೇ ಗುಂಡಿಗೆ ನೀರು ಇಳಿಸಿಕೊಡುವ ಸೂರು. ಮೊದಲು ಇಡೀ ಹೊಲ ಉತ್ತು ಆಮೇಲೆ ಗುಂಡಿ ತೆಗೆಯೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ಅಲ್ಲಿಗೇ ನಿಲ್ಲಿಸಿ.

ಏಪ್ರಿಲ್–ಮೇನಲ್ಲಿ ಪ್ರತಿ ಗುಂಡಿಗೆ ಒಂದೆರಡು ಹಿಡಿ, ಅಂದರೆ 300 ಗ್ರಾಂ ಆಸುಪಾಸು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಮೇಲೊಂದು ತೆಳು ಪದರ ಮಣ್ಣು ಎಳೆಯುತ್ತಾರೆ. ಮಳೆಗೂ ಮುನ್ನ ಗೊಬ್ಬರ ಇಡುವುದಕ್ಕೆ ಕಾರಣ ಗೆದ್ದಲು. ವಾಸನೆ ಹಿಡಿದು ಬಂದ ಗೆದ್ದಲು ಗುಂಡಿಯ ತಳದಲ್ಲಿ ನೂರಾರು ಸಣ್ಣ ಸುರಂಗ ಕೊರೆಯುತ್ತದೆ. ಮೊದಲ ಮಳೆ ಬಿದ್ದಾಗ ನೀರು ಈ ದಾರಿಗಳಲ್ಲಿ ಆಳಕ್ಕಿಳಿದು, ಬಿಸಿಲು ಮುಟ್ಟದ ಕಡೆ ನಿಲ್ಲುತ್ತದೆ. ನಮ್ಮ ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ಗೆದ್ದಲಿಗೆ ಹೇಳುವ ಮದ್ದು ಹೆಚ್ಚಾಗಿ ವಿಷ. ಇಲ್ಲಿ ಅದೇ ಅರ್ಧ ಕೆಲಸ ಮಾಡುವ ಆಳು. ಕೀಟನಾಶಕವನ್ನು ‘ಕಿಟ್’ನೊಳಗೆ ಸೇರಿಸಿ ಕಳಿಸುವವರು ಇದನ್ನು ಗಮನಿಸಬೇಕು.

ಜೂನ್‌ನಲ್ಲಿ ಮೊದಲ ಹದ ಮಳೆಗೆ ಗುಂಡಿಯೊಳಗೇ ಜೋಳ ಅಥವಾ ಸಜ್ಜೆ ಊರುತ್ತಾರೆ. ಒಂದು ಕಾಳು ಹಾಕಿದರೆ ಹಕ್ಕಳೆ ಸೀಳಿ ಮೇಲೇಳಲಾರದು, ಏಳೆಂಟು ಹಾಕಿದರೆ ಮೊಳಕೆಗಳು ಒಟ್ಟಾಗಿ ತಳ್ಳಿಕೊಂಡು ಬರುತ್ತವೆ. ಆಮೇಲೆ ಮೂರು ಪೈರು ಉಳಿಸಿ ಮಿಕ್ಕದ್ದು ಕೀಳಬೇಕು. ಎರಡು ವಾರ ಮಳೆ ಕೈಕೊಟ್ಟರೂ ಗುಂಡಿಯ ಪೈರು ತಡೆದುಕೊಳ್ಳುತ್ತದೆ. ಸಹೇಲ್‌ನಲ್ಲಿ ಬೆಳೆ ಕೆಡುವುದು ಬಹುಪಾಲು ಈ ನಡುವಣ ಒಣ ದಿನಗಳಲ್ಲೇ. ಏನೂ ಬೆಳೆಯದಿದ್ದ ನೆಲದಲ್ಲಿ ಮಳೆ ಕಡಿಮೆಯಾದ ವರ್ಷ ಹೆಕ್ಟೇರಿಗೆ 300 ಕಿಲೊ, ಒಳ್ಳೆಯ ವರ್ಷ 1,500 ಕಿಲೊ ವರೆಗೆ ಜೋಳ ಬಂದ ದಾಖಲೆಗಳಿವೆ. ಎರಡು ಮೂರು ವರ್ಷಗಳ ಮೇಲೆ ಹಳೆಯ ಗುಂಡಿಗಳ ನಡುವಿನ ನೆಲದಲ್ಲಿ ಹೊಸ ಗುಂಡಿ ತೆಗೆಯುತ್ತಾರೆ. ಹೀಗೆ ಸರಿಯುತ್ತ ಸರಿಯುತ್ತ ಐದಾರು ವರ್ಷಕ್ಕೆ ಹೊಲಕ್ಕೆ ಹೊಲವೇ ತಿರುಗಿಬಿಡುತ್ತದೆ.

ಕೆಡುವುದು ಎಲ್ಲಿ? ಮೇಲ್ಗಡೆ ಕಲ್ಲಿನ ಸಾಲು ಹಾಕದೆ ಬರೀ ಗುಂಡಿ ತೆಗೆದರೆ ಮೊದಲ ಬಿರುಮಳೆಗೇ ಮರಳು ತುಂಬಿ, ಗೊಬ್ಬರ ತೇಲಿಹೋಗುತ್ತದೆ. ಕಳಿಯದ ಗೊಬ್ಬರ ಹಾಕಿದರೆ ಎರಡು ತೊಂದರೆ: ಅದರೊಳಗಿನ ಕಳೆಬೀಜ ಹುಟ್ಟುತ್ತದೆ, ಮತ್ತು ಹಸಿ ಕಸ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿಂದು ಪೈರನ್ನು ಹಳದಿ ಮಾಡುತ್ತದೆ. ಗೊಬ್ಬರವನ್ನೇ ಹಾಕದೆ ಗುಂಡಿ ಮಾತ್ರ ತೆಗೆದರೆ ನೀರು ನಿಲ್ಲುತ್ತದೆ, ಫಸಲು ಬರುವುದಿಲ್ಲ. ಆ ನೆಲದ ಹಸಿವು ನೀರಿನದಷ್ಟೇ ಅಲ್ಲ, ರಂಜಕದ್ದೂ ಹೌದು. ಮರಳು ನೆಲದಲ್ಲಿ ಗುಂಡಿ ಕುಸಿಯುತ್ತದೆ, ಅಲ್ಲಿ ಬೇಡ. ತಗ್ಗಿನ ಜೌಗು ನೆಲದಲ್ಲಂತೂ ಬೇಡವೇ ಬೇಡ. 800 ಮಿಲಿಮೀಟರ್ ದಾಟಿ ಸುರಿದ ವರ್ಷ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಸಾವಿರಾರು ಹೆಕ್ಟೇರಿಗೆ ಒಂದೇ ನಕ್ಷೆ ಮಾಡಿ ‘ಗುರಿ ಸಾಧನೆ’ ಬರೆಯುವವರ ಕೈಯಲ್ಲಿ ಜಾಯಿ ಕೆಡುವುದೇ ಇಂಥ ಕಡೆ.

ಇನ್ನು ಆಳಿನ ಲೆಕ್ಕ, ನಿಮ್ಮ ಬಜೆಟ್ಟಿಗೆ ಮುಖ್ಯವಾದದ್ದು ಇದು. ಒಂದು ಹೆಕ್ಟೇರ್ ಅಗೆಯಲು 300ರಿಂದ 450 ಗಂಟೆ ಬೇಕು. ಮಾರ್ಚ್–ಏಪ್ರಿಲ್‌ನ ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಿಕಾಸಿ ಎತ್ತಲಾಗದು. ಅಂದರೆ ಒಬ್ಬ ಆಳಿಗೆ ಎರಡರಿಂದ ಮೂರು ತಿಂಗಳು. ಕೈಲಿ ಹಣವಿರುವವರು ಯುವಕರ ಗುಂಪಿಗೆ ಕೂಲಿ ಕೊಟ್ಟು ಅಗೆಸುತ್ತಾರೆ. ಇಲ್ಲದವರು ಅದೇ ತಿಂಗಳುಗಳಲ್ಲಿ ಹೊಟ್ಟೆಪಾಡಿಗೆ ಬೇರೆಯವರ ಗುಂಡಿ ಅಗೆಯಲು ಹೋಗುತ್ತಾರೆ, ಇಲ್ಲವೇ ಚಿನ್ನದ ಗಣಿಗಳಿಗೆ ಹೋಗುತ್ತಾರೆ. ತಮ್ಮ ಹೊಲ ಹಾಗೇ ಉಳಿಯುತ್ತದೆ. ಒಂದು ಟ್ರ್ಯಾಕ್ಟರ್‌ನ ಬೆಲೆಯನ್ನು ಬೇಸಿಗೆಯ ಕೂಲಿಯಾಗಿ, ತಮ್ಮ ಹೊಲವನ್ನೇ ಅಗೆದುಕೊಳ್ಳುವ ಬಡ ಕುಟುಂಬಕ್ಕೆ ಕೊಟ್ಟರೆ ಎಷ್ಟು ಹೆಕ್ಟೇರ್ ಆಗುತ್ತದೆಂದು ನೀವೇ ಗುಣಿಸಿ ನೋಡಿ. ನಮ್ಮಲ್ಲಿ ಉದ್ಯೋಗ ಖಾತರಿಯಡಿ ಸ್ವಂತ ಹೊಲದ ಬದುವಿಗೆ ಕೂಲಿ ಕೊಟ್ಟ ಅನುಭವ ಸಾಕಷ್ಟಿದೆ. ಅಲ್ಲಿಗೆ ಕಳಿಸಬೇಕಾದ ತಜ್ಞತೆ ಅದು.

ಯಂತ್ರ ಕೊಡಲೇಬೇಕೆಂದಿದ್ದರೆ ಎತ್ತು ಅಥವಾ ಕತ್ತೆ ಎಳೆಯುವ ಸೀಳುಗೋಲು ಕೊಡಿ. ಬುರ್ಕಿನಾದ ಕೃಷಿ ಸಂಶೋಧನಾ ಸಂಸ್ಥೆ ಇನೆರಾ ರೂಪಿಸಿದ ವಿಧಾನವಿದು: ಒಂದೇ ಹಲ್ಲಿನ ಗಟ್ಟಿ ಕಬ್ಬಿಣದಿಂದ ಒಣ ನೆಲವನ್ನು ಉದ್ದಕ್ಕೂ ಅಡ್ಡಕ್ಕೂ ಗೀರಿ, ಗೀರುಗಳು ಸೇರುವ ಕಡೆ ಗುದ್ದಲಿಯಿಂದ ಮಣ್ಣು ತೆಗೆಯುವುದು. ಗಂಟೆಗಳ ಲೆಕ್ಕ ಬಹಳ ಇಳಿಯುತ್ತದೆ. ಊರ ಕಮ್ಮಾರರೇ ಮಾಡಿಕೊಡಬಲ್ಲ ಸಾಧನ. ಒಂದೇ ಅಡ್ಡಿ: ಬೇಸಿಗೆಯ ಕೊನೆಗೆ ಎತ್ತುಗಳು ಮೇವಿಲ್ಲದೆ ಮೂಳೆ ಬಿಟ್ಟುಕೊಂಡಿರುತ್ತವೆ. ಆದ್ದರಿಂದ ಸೀಳುಗೋಲಿನ ಜೊತೆ ಎರಡು ತಿಂಗಳ ಮೇವಿನ ಲೆಕ್ಕವೂ ಇರಬೇಕು. ಈ ಸಾಲನ್ನು ಹಾಕಿದ ಯೋಜನಾ ವರದಿ ಅಪರೂಪ.

ಗೊಬ್ಬರಕ್ಕೆ ಬರೋಣ. ಹದಿನೈದು ಸಾವಿರ ಗುಂಡಿ, ಗುಂಡಿಗೆ 300 ಗ್ರಾಂ: ನಾಲ್ಕೂವರೆ ಟನ್. ದನ ಹಗಲೆಲ್ಲ ಬಯಲಲ್ಲಿ ಮೇಯುವ ಊರಿನಲ್ಲಿ ಇಷ್ಟು ಗೊಬ್ಬರ ಕೂಡಿಸುವುದು ಸಣ್ಣ ಮಾತಲ್ಲ. ಫುಲಾನಿ ದನಗಾಹಿಗಳೊಂದಿಗೆ ಧಾನ್ಯ ಕೊಟ್ಟು ಮಂದೆ ತರುಬಿಸಿಕೊಳ್ಳುವ ಹಳೆಯ ಒಪ್ಪಂದ, ನಮ್ಮ ಬಯಲುಸೀಮೆಯ ಕುರಿಮಂದೆಯ ಹಾಗೆ, ಅಲ್ಲಿಯೂ ಇತ್ತು. ಗಡಿಭಾಗದ ಸಶಸ್ತ್ರ ಗುಂಪುಗಳ ಹಿಂಸೆಯಲ್ಲಿ ಆ ನಂಬಿಕೆ ಹಲವೆಡೆ ಮುರಿದಿದೆ. ಉಳಿದ ದಾರಿ ಗೊಬ್ಬರದ ಗುಂಡಿ. ಮೂರು ಮೀಟರ್ ಉದ್ದ, ಮೂರು ಅಗಲ, ಒಂದು ಮೀಟರ್ ಆಳ. ಜೋಳದ ದಂಟು, ಸಗಣಿ, ಬೂದಿ ಪದರ ಪದರವಾಗಿ, ತೇವ ಆರದಂತೆ. ಬುರ್ಕಿನಾದ್ದೇ ಆದ ಕೊಜಾರಿಯ ರಂಜಕದ ಕಲ್ಲುಪುಡಿಯನ್ನು ಇದರೊಳಗೇ ಬೆರೆಸಿದರೆ ಕೊಳೆಯುವ ಆಮ್ಲಕ್ಕೆ ಅದು ನಿಧಾನವಾಗಿ ಕರಗುತ್ತದೆ. ನೇರವಾಗಿ ಹೊಲಕ್ಕೆ ಎರಚಿದರೆ ದೂಳು ಎರಚಿದಂತೆ. ಇಂಥ ಗುಂಡಿ ತುಂಬಿದರೆ ಒಂದು ಹೆಕ್ಟೇರಿನ ಜಾಯಿಗೆ ಸಾಕು. ದಿನಾ ಹೊರಬೇಕಾದ ನೀರನ್ನು ಯಾರು ಹೊರುತ್ತಾರೆ ಎಂಬುದನ್ನೂ ಕೇಳಿ, ಹೆಂಗಸರೇ. ಮಳೆಗಾಲದಲ್ಲಿ ತುಂಬುವ ಗುಂಡಿಯಾದರೆ ಆ ಹೊರೆ ತಪ್ಪುತ್ತದೆ.

ರಸಗೊಬ್ಬರ ಬೇಡವೇ ಎಂದರೆ, ಬೇಕು, ಚಿಟಿಕೆಯಷ್ಟು. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೈಜರ್‌ನ ತನ್ನ ಸಡೊರೆ ಕೇಂದ್ರದಲ್ಲಿ ಮತ್ತು ಸುತ್ತಲ ದೇಶಗಳಲ್ಲಿ ಪರೀಕ್ಷಿಸಿ ಹರಡಿದ ಪದ್ಧತಿಯಲ್ಲಿ ಬುಡಕ್ಕೆ 2 ಗ್ರಾಂ ಡಿಎಪಿ, ಅಥವಾ ಮೂರು ಬೆರಳಿಗೆ ಬರುವ 6 ಗ್ರಾಂ ಮಿಶ್ರಗೊಬ್ಬರ. ಸೋಡಾ ಬಾಟಲಿಯ ಮುಚ್ಚಳವೇ ಅಳತೆ. ಹೆಕ್ಟೇರಿಗೆ ಹದಿನೈದು ಸಾವಿರ ಗುಂಡಿ ಹಿಡಿದರೆ 30 ಕಿಲೊ ಡಿಎಪಿ ಸಾಕು. ನೀವು ಕಳಿಸುವ 50 ಕಿಲೊ ಚೀಲವನ್ನು ಸಣ್ಣ ರೈತ ಕೊಳ್ಳಲಾರ. 5 ಕಿಲೊ ಪೊಟ್ಟಣ ಮಾಡಿಸಿ.

ಕಲ್ಲಿನ ಸಾಲು ಈ ಎಲ್ಲದಕ್ಕೂ ಮೊದಲು ಬರಬೇಕಾದ ಕೆಲಸ. 1979ರಲ್ಲಿ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್ ಯಾಟೆಂಗಾದಲ್ಲಿ ಮರ ಬೆಳೆಸುವ ಯೋಜನೆ ಶುರುಮಾಡಿತು. ರೈತರು ಮರಕ್ಕಿಂತ ಜೋಳಕ್ಕೆ ನೀರು ಬೇಕೆಂದರು, ಯೋಜನೆ ಅವರ ಮಾತಿಗೆ ತಿರುಗಿತು. ಸಮಮಟ್ಟ ಹಿಡಿಯುವುದೇ ತೊಡಕಾಗಿತ್ತು. ಕಣ್ಣಂದಾಜಿನಲ್ಲಿ ಹಾಕಿದ ಸಾಲು ಒಂದು ಮಗ್ಗುಲಿಗೆ ನೀರು ಕೂಡಿಸಿ ಅಲ್ಲೇ ಕೊರಕಲು ಮಾಡುತ್ತಿತ್ತು. ಪರಿಹಾರ, ನಮ್ಮ ಗಾರೆ ಕೆಲಸದವರೆಲ್ಲ ಬಳಸುವ ಟ್ಯೂಬ್ ಲೆವೆಲ್: ಹತ್ತಿಪ್ಪತ್ತು ಮೀಟರ್ ಪಾರದರ್ಶಕ ಪೈಪು, ಎರಡು ತುದಿಗೆ ಅಳತೆ ಗುರುತಿರುವ ಎರಡು ಕೋಲು, ಒಳಗೆ ಗುಳ್ಳೆಯಿಲ್ಲದಂತೆ ನೀರು. ಅಕ್ಷರ ಬಾರದವರೂ ಒಂದೆರಡು ದಿನಕ್ಕೆ ಕಲಿಯುತ್ತಾರೆ. ಬೆಳಿಗ್ಗೆ ಹೊತ್ತು ಅಳೆಯಬೇಕು; ಮಧ್ಯಾಹ್ನ ಪೈಪಿನ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಬಿದ್ದರೆ ಮಟ್ಟ ತಪ್ಪಾಗಿ ತೋರುತ್ತದೆ.

ಗುರುತು ಹಾಕಿದ ಮೇಲೆ 10–15 ಸೆಂಟಿಮೀಟರ್ ಆಳದ ಚರಂಡಿ ತೋಡಿ ಕಲ್ಲು ಕೂರಿಸಬೇಕು. ದೊಡ್ಡ ಕಲ್ಲು ಕೆಳಮಗ್ಗುಲಿಗೆ, ಸಣ್ಣದು ಮೇಲ್ಮಗ್ಗುಲಿಗೆ ಒತ್ತಾಗಿ. ಎತ್ತರ 25–30 ಸೆಂಟಿಮೀಟರ್ ಮೀರಬೇಕಿಲ್ಲ. ಇಳಿಜಾರು ನೂರಕ್ಕೆ ಮೂರಕ್ಕಿಂತ ಕಡಿಮೆಯಿದ್ದರೆ ಸಾಲಿನಿಂದ ಸಾಲಿಗೆ 25–50 ಮೀಟರ್. ಎರಡೂ ತುದಿಗಳನ್ನು ಮೇಲ್ಮುಖವಾಗಿ ಬಗ್ಗಿಸಬೇಕು, ಇಲ್ಲದಿದ್ದರೆ ನೀರು ತುದಿ ಸುತ್ತಿ ನುಗ್ಗುತ್ತದೆ. ಕೆಲಸ ಇಳಿಜಾರಿನ ತಲೆಯಿಂದಲೇ ಶುರುವಾಗಬೇಕು. ಮಣ್ಣಿನ ಒಡ್ಡು ಎಲ್ಲ ನೀರನ್ನೂ ತಡೆದು ಕೊನೆಗೆ ದುರ್ಬಲವಾದ ಒಂದು ಕಡೆ ಬಾಯಿಬಿಡುತ್ತದೆ. ಕಲ್ಲಿನ ಸಾಲು ನೀರನ್ನು ಸೋಸಿ ಬಿಡುತ್ತದೆ, ವೇಗ ಮುರಿಯುತ್ತದೆ, ಮೇಲ್ಮಗ್ಗುಲಲ್ಲಿ ಹೂಳು ಮತ್ತು ಹುಲ್ಲಿನ ಬೀಜ ಕೂರುತ್ತವೆ. ಆ ಸಾಲಿಗೆ ಆಂಡ್ರೊಪೋಗಾನ್ ಹುಲ್ಲು ಹಚ್ಚಿದರೆ ಚಾಪೆ, ಬೇಲಿ, ಸೂರಿಗೂ ಆಯಿತು.

ಖರ್ಚಿರುವುದು ಕಲ್ಲಿನ ಸಾಗಣೆಯಲ್ಲಿ. ಹೆಕ್ಟೇರಿಗೆ 30ರಿಂದ 50 ಟನ್ ಕಲ್ಲು ಬೇಕು. ಕತ್ತೆಗಾಡಿಗೆ ಒಂದು ಸಲಕ್ಕೆ 350 ಕಿಲೊ ಹಿಡಿದರೆ ಸುಮಾರು 85ರಿಂದ 145 ಹೇರು. ಲಾರಿ ಕೊಟ್ಟ ಯೋಜನೆಗಳಲ್ಲಿ ಲಾರಿ ಇರುವವರೆಗೆ ಕೆಲಸ ಭರದಿಂದ ನಡೆಯುತ್ತದೆ. ಯೋಜನೆ ಮುಗಿದು ಲಾರಿ ಹೋದ ದಿನ, ಗುಡ್ಡದಿಂದ ದೂರವಿರುವ ಊರುಗಳಲ್ಲಿ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ದೂರದ ಊರುಗಳಿಗೆ ಬಾಡಿಗೆ ಲಾರಿ, ಹತ್ತಿರದವಕ್ಕೆ ಗಾಡಿ ಮತ್ತು ಕತ್ತೆ ಎಂದು ವಿಂಗಡಿಸಿ. ಚರ್ಮದ ವ್ಯಾಪಾರ ಕತ್ತೆಯ ಬೆಲೆಯನ್ನು ಏರಿಸಿದ್ದರಿಂದ 2016ರಲ್ಲಿ ಬುರ್ಕಿನಾ ರಫ್ತು ನಿಲ್ಲಿಸಿತು, 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟವೇ ಕತ್ತೆ ಚರ್ಮದ ವ್ಯಾಪಾರಕ್ಕೆ ನಿಷೇಧ ಒಪ್ಪಿತು. ಕತ್ತೆಯೊಂದು ಅಲ್ಲಿ ಎಂಥ ಬಂಡವಾಳ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗುಂಡಿಯೂ ಹಿಡಿಯದಷ್ಟು ಕೆಟ್ಟ, ತುಸು ಹೆಚ್ಚು ಇಳಿಜಾರಿನ ಗರಸು ನೆಲಕ್ಕೆ ನೈಜರ್‌ನ ಅರ್ಧಚಂದ್ರ ಗುಂಡಿಗಳಿವೆ: ನಾಲ್ಕು ಮೀಟರ್ ವ್ಯಾಸ, 15–25 ಸೆಂಟಿಮೀಟರ್ ಆಳ, ಹೆಕ್ಟೇರಿಗೆ 313, ಒಂದೊಂದಕ್ಕೆ 35 ಕಿಲೊ ಗೊಬ್ಬರ. ಮೇವಿನ ಹುಲ್ಲಿಗೂ ಮರಕ್ಕೂ ಒಳ್ಳೆಯದು.

ಮರದ ವಿಷಯದಲ್ಲಿ ಒಂದು ವಿನಂತಿ: ಸಸಿ ಕಳಿಸಬೇಡಿ. ಸಹಾರಾ ಅಂಚಿನುದ್ದಕ್ಕೂ ಹಸಿರು ಪಟ್ಟಿ ಬೆಳೆಸಲು 2007ರಲ್ಲಿ ಆಫ್ರಿಕನ್ ಒಕ್ಕೂಟ ಕೈಗೆತ್ತಿಕೊಂಡ ‘ಹಸಿರು ಮಹಾಗೋಡೆ’ಯ ಮೊದಲ ಉತ್ಸಾಹವೆಲ್ಲ ಸಸಿ ನೆಡುವುದರಲ್ಲಿ ಹೋಯಿತು, ನೀರು ಹಾಕುವವರಿಲ್ಲದ ಸಸಿ ಎಂಟು ತಿಂಗಳ ಬೇಸಿಗೆ ದಾಟುವುದಿಲ್ಲ. ನೈಜರ್‌ನ ಮರಾಡಿ ಸೀಮೆಯಲ್ಲಿ 1983ರಿಂದ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಮತ್ತು ಅಲ್ಲಿನ ರೈತರು ಹರಡಿದ ದಾರಿ ಬೇರೆ. ಹೊಲದಲ್ಲಿ ಕಡಿದ ಮರಗಳ ಬುಡ ನೆಲದೊಳಗೆ ಜೀವಂತವಿರುತ್ತದೆ, ಪ್ರತಿ ಮಳೆಗೆ ಹತ್ತಿಪ್ಪತ್ತು ಚಿಗುರು ಬಿಡುತ್ತದೆ, ಬಿತ್ತನೆಗೆ ಮುಂಚೆ ರೈತ ಅದನ್ನು ಸವರಿ ಸುಡುತ್ತಿದ್ದ. ಸವರದೆ, ಬುಡಕ್ಕೆ ಮೂರರಿಂದ ಐದು ನೆಟ್ಟನೆಯ ಚಿಗುರು ಉಳಿಸಿ, ಉಳಿದದ್ದು ಕತ್ತರಿಸಿ, ಉಳಿಸಿದವುಗಳ ಅಡ್ಡರೆಂಬೆಯನ್ನು ಅರ್ಧ ಎತ್ತರದವರೆಗೆ ಚೂಪಾದ ಕತ್ತಿಯಿಂದ ಕೆಳಗಿನಿಂದ ಮೇಲಕ್ಕೆ ಹೊಡೆದರೆ ಸಾಕು. ಮೊಂಡು ಕತ್ತಿಯಿಂದ ಮೇಲಿನಿಂದ ಹೊಡೆದರೆ ತೊಗಟೆ ಸೀಳಿ ಬುಡವೇ ಕೊಳೆಯುತ್ತದೆ. ವರ್ಷಕ್ಕೊಂದು ಕಾಂಡ ಸೌದೆಗೆ, ಅದರ ಬದಲಿಗೆ ಹೊಸದೊಂದು ಚಿಗುರು. ಹೌಸಾ ರೈತರು ‘ಗಾವೊ’ ಎನ್ನುವ ಜಾಲಿ ಜಾತಿಯ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಟ್ಟು, ಬೇಸಿಗೆಯಲ್ಲಿ ಚಿಗುರಿ ದನಕ್ಕೆ ನೆರಳು, ಕಾಯಿ ಕೊಡುತ್ತದೆ. ಹೀಗೆ ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮರಳಿದವು.

ಆದರೆ ಕತ್ತಿಗಿಂತ ಕಾನೂನು ಹೆಚ್ಚು ಕೆಲಸ ಮಾಡಿತು. ಫ್ರೆಂಚರ ಕಾಲದ ಅರಣ್ಯ ನಿಯಮದಂತೆ ಹೊಲದ ಮರವೂ ಸರಕಾರದ್ದು. ರೆಂಬೆ ಕಡಿದರೆ ದಂಡ. ಮರ ಬೆಳೆಸಿದರೆ ಅರಣ್ಯ ರಕ್ಷಕನ ಕಾಟ ಬೆಳೆಸಿದಂತೆ ಎಂದು ರೈತರು ಚಿಗುರಲ್ಲೇ ಕಿತ್ತುಹಾಕುತ್ತಿದ್ದರು. ಎಂಬತ್ತರ ದಶಕದಲ್ಲಿ ದಂಡದ ಕೈ ಸಡಿಲಾದಂತೆ ಮರ ಎದ್ದವು. ರೈತ ಬೆಳೆಸಿದ ಮರದ ಮೇಲೆ ರೈತನಿಗೇ ಹಕ್ಕು ಎಂಬ ನಿಯಮ ನೈಜರ್‌ನಲ್ಲಿ ಕಾಗದದ ಮೇಲೆ ಬಂದದ್ದು 2020ರಲ್ಲಿ. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹೊಲದ ಬದುವಿನಲ್ಲಿ ಹುಟ್ಟಿದ ಶ್ರೀಗಂಧ 2001ರ ತಿದ್ದುಪಡಿಯ ತನಕ ನಮ್ಮದಾಗಿರಲಿಲ್ಲ, ಅಲ್ಲಿಯವರೆಗೆ ಯಾರು ತಾನೇ ಅದನ್ನು ಬೆಳೆಸಿದರು? ನೆರವಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ದೇಶದ ಮರದ ಕಾನೂನು ಓದಿ.

ಬೀಜದ ಬಗ್ಗೆಯೂ ಎಚ್ಚರಿಸಬೇಕು, ಏಕೆಂದರೆ ಯಂತ್ರದ ನಂತರ ನಮ್ಮವರಿಗೆ ಹೊಳೆಯುವುದು ಹೈಬ್ರಿಡ್. ಜೋಳ, ಸಜ್ಜೆ, ರಾಗಿ ಮೂರೂ ಆಫ್ರಿಕಾದಿಂದಲೇ ನಮಗೆ ಬಂದ ಧಾನ್ಯಗಳು. ಎಪ್ಪತ್ತರ ದಶಕದಲ್ಲಿ ಭಾರತದಲ್ಲಿ ಗೆದ್ದ ಗಿಡ್ಡ, ಬೇಗ ಮಾಗುವ ಜೋಳಗಳನ್ನು ಪಶ್ಚಿಮ ಆಫ್ರಿಕಾಕ್ಕೆ ಒಯ್ದಾಗ ಅವು ಸೋತವು. ಅಲ್ಲಿನ ಗಿನಿ ಜೋಳ ಹಗಲಿನ ಉದ್ದ ನೋಡಿ ಹೂಬಿಡುತ್ತದೆ. ಜೂನ್ ಮೊದಲಿಗೆ ಬಿತ್ತಿದರೂ ಜುಲೈಗೆ ಬಿತ್ತಿದರೂ ಮಳೆ ನಿಲ್ಲುವ ಹೊತ್ತಿಗೇ ತೆನೆ. ತೆನೆ ಬಿಡಿಬಿಡಿ, ಕಾಳು ಗಾಜಿನಂತೆ ಗಟ್ಟಿ. ಹೊರಗಿನ ಜೋಳ ಮಳೆ ನಡುವೆಯೇ ಮಾಗಿತು, ಒತ್ತಾದ ತೆನೆಯೊಳಗೆ ತೇವ ನಿಂತು ಬೂಷ್ಟು ಹಿಡಿಯಿತು, ತೆನೆತಿಗಣೆ ಸೇರಿತು, ಮೊದಲು ಮಾಗಿದ್ದರಿಂದ ಹಕ್ಕಿಗಳೆಲ್ಲ ಅಲ್ಲೇ ಇಳಿದವು.

ಅಡುಗೆಮನೆಯಲ್ಲೂ ಅದು ಪಾಸಾಗಲಿಲ್ಲ. ಯಾಟೆಂಗಾದ ಊಟ ‘ತೋ’, ಜೋಳದ ಹಿಟ್ಟಿನ ಮುದ್ದೆ. ಹುಣಸೆಯ ಹುಳಿನೀರು ಬೆರೆಸಿ ಕುದಿಸಿದ ನೀರಿಗೆ ಕದಡಿದ ಹಿಟ್ಟು ಸುರಿದು ಮೊದಲು ತೆಳು ಗಂಜಿ ಮಾಡುತ್ತಾರೆ. ಅದರಲ್ಲಿ ಒಂದು ಭಾಗ ಬೇರೆ ತೆಗೆದಿಟ್ಟು, ಪಾತ್ರೆಯಲ್ಲಿ ಉಳಿದದ್ದಕ್ಕೆ ಒಣ ಹಿಟ್ಟು ಹಿಡಿಹಿಡಿಯಾಗಿ ಹಾಕುತ್ತ ಮರದ ಹುಟ್ಟಿನಿಂದ ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ತಿರುವುತ್ತಾರೆ, ಗಟ್ಟಿಯಾದಾಗ ತೆಗೆದಿಟ್ಟ ಗಂಜಿ ಸೇರಿಸಿ ಸಡಿಲಿಸುತ್ತಾರೆ. ಬೆಂಡೆ ಅಥವಾ ಬಾವೊಬಾಬ್ ಎಲೆಯ ಲೋಳೆ ಸಾರು ಜೊತೆಗೆ. ರಾತ್ರಿ ಮಾಡಿದ್ದು ಬೆಳಿಗ್ಗೆಗೂ ಗಟ್ಟಿಯಾಗಿ ನಿಲ್ಲಬೇಕು, ಹೊಲಕ್ಕೆ ಹೋಗುವವರ ಬುತ್ತಿ ಅದೇ. ಮೆತ್ತನೆ ಕಾಳಿನ ಜೋಳದ ತೋ ಬೆಳಗಾಗುವಷ್ಟರಲ್ಲಿ ನೀರು ಬಿಡುತ್ತದೆ; ಒನಕೆಯಲ್ಲಿ ಕುಟ್ಟುವಾಗ ಹೊಟ್ಟಿನ ಜೊತೆ ಕಾಳೂ ಪುಡಿಯಾಗಿ ಅರ್ಧ ಹೋಗುತ್ತದೆ. ಹೆಕ್ಟೇರಿನ ಇಳುವರಿ ಬರೆಯುವ ಕಾಲಂ ಪಕ್ಕದಲ್ಲಿ ಕುಟ್ಟಿದ ಮೇಲೆ ಉಳಿದ ಹಿಟ್ಟು ಎಷ್ಟು ಎಂಬ ಕಾಲಂ ಹಾಕಿಸಿ.

ಬೀಜದ ವಿನಿಮಯ ಗೆದ್ದ ಉದಾಹರಣೆಯೂ ನಮ್ಮಲ್ಲೇ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ತೆಗೆದರು. ಆಫ್ರಿಕಾದ ರಾಗಿಯನ್ನು ಹಾಗೇ ತಂದು ರೈತರಿಗೆ ಹಂಚಲಿಲ್ಲ. ಇಲ್ಲಿನ ಮಳೆಯಲ್ಲಿ, ಮುದ್ದೆ ಉಣ್ಣುವವರ ಊರಿನಲ್ಲಿ ವರ್ಷಗಟ್ಟಲೆ ಆರಿಸಿದರು. ಆರಿಸುವ ಕೆಲಸ ಅಲ್ಲಿಯೂ ಅಲ್ಲಿಯವರ ಕೈಯಲ್ಲೇ ಆಗಬೇಕು.

ಕೊನೆಯದಾಗಿ ನೆಲದ ಹಕ್ಕು. ಜಿಪೆಲ್ಲೆಯಾಗಿದ್ದಾಗ ಯಾರಿಗೂ ಬೇಡವಾಗಿದ್ದ ನೆಲ, ನಾಲ್ಕು ವರ್ಷ ಗುಂಡಿ ತೆಗೆದು ಜೋಳ ಬೆಳೆದ ಮೇಲೆ ಎಲ್ಲರಿಗೂ ಬೇಕು. ಬಾಯಿಮಾತಿನ ಮೇಲೆ ನೆಲ ಕೊಟ್ಟ ಕುಟುಂಬ ವಾಪಸು ಕೇಳುತ್ತದೆ. ಮೊದಲು ಕಳೆದುಕೊಳ್ಳುವವರು ಹೆಂಗಸರು, ಆಮೇಲೆ ವಲಸೆ ಬಂದವರು. ಯಾಕೂಬಾ ಸವಾಡೊಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಗೌರವವೂ ಬಂತು. ಆದರೂ ಅವರು ಗುಂಡಿಯಿಂದ ಎಬ್ಬಿಸಿದ ಇಪ್ಪತ್ತೈದು ಹೆಕ್ಟೇರಿಗೂ ಮಿಕ್ಕಿದ ಕಾಡಿನೊಳಕ್ಕೆ ಉವಾಹಿಗುಯಾ ಪಟ್ಟಣದ ನಿವೇಶನದ ಗುರುತುಕಲ್ಲುಗಳು ಬಂದವು. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅಷ್ಟು ಹೆಸರಾದವರಿಗೇ ಹೀಗಾದರೆ ಊರಿನ ಉಳಿದವರ ಗತಿ ಊಹಿಸಿ. ಹಣ ಇಳಿಯುವ ಮೊದಲು ನೆಲ ಕೊಟ್ಟವರು, ಪಡೆದವರು, ಊರ ಹಿರಿಯರು, ಪಂಚಾಯಿತಿ ಸೇರಿ ಇಷ್ಟು ವರ್ಷ ಬಿಡಿಸುವಂತಿಲ್ಲ ಎಂದು ಬರೆದುಕೊಳ್ಳಲಿ. ಹತ್ತು ವರ್ಷಕ್ಕಿಂತ ಕಡಿಮೆಯ ಕರಾರು ಜಾಯಿಗೆ ಸಾಲದು.

ಬುರ್ಕಿನಾದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಹಿಂಸೆಯಿಂದ ಮನೆ ಬಿಟ್ಟಿದ್ದಾರೆ ಎಂಬುದು 2023ರ ಸರಕಾರಿ ಲೆಕ್ಕ. ಎಲ್ಲ ಊರಿಗೂ ಹೋಗಲಾಗದು, ನಿಜ. ಅದಕ್ಕೇ ಸಾಗಿಸಲು ಸುಲಭವಾದ, ಕದ್ದರೂ ಯುದ್ಧಕ್ಕೆ ಬಾರದ ಸಾಮಾನು ಹೆಚ್ಚು ಸೂಕ್ತ: ಪಿಕಾಸಿ, ಅಲ್ಲಿನವರ ‘ದಾಬಾ’ ಗುದ್ದಲಿ, ಕೈಗಾಡಿ, ಪೈಪು. ಪಿಕ್‌ಅಪ್ ಗಾಡಿ, ಡೀಸೆಲ್ ಪೀಪಾಯಿ ಇರುವ ಶಿಬಿರವೇ ಕಣ್ಣಿಗೆ ಬೀಳುವುದು.

ಇಷ್ಟಾದ ಮೇಲೆ ಕ್ಯಾಲೆಂಡರ್ ಒಂದು ಉಳಿಯಿತು. ನಿಮ್ಮ ಮಂಜೂರಾತಿ ಮಾರ್ಚ್ ಕೊನೆಯ ವಾರ ಆಗುತ್ತದೆ, ಹಣ ಹೊರಡುವುದು ಮೇ–ಜೂನ್‌ಗೆ. ಆ ಹೊತ್ತಿಗೆ ಅಲ್ಲಿ ಗುಂಡಿಯ ಕೆಲಸ ಮುಗಿದಿರುತ್ತದೆ, ಕಲ್ಲು ತರುವ ದಾರಿ ಕೆಸರಾಗಿರುತ್ತದೆ, ಮನೆಯ ಎಲ್ಲ ಕೈಗಳೂ ಬಿತ್ತನೆಯಲ್ಲಿರುತ್ತವೆ. ಬಂದ ಹಣ ಖರ್ಚಾಗದೆ ಉಳಿದು, ವರ್ಷದ ಕೊನೆಗೆ ‘ಬಳಕೆ ಪ್ರಮಾಣಪತ್ರ’ ಬೇಕೆಂದಾಗ ಅದು ಮತ್ತೆ ಯಂತ್ರ ಖರೀದಿಗೆ ತಿರುಗುತ್ತದೆ. ಆದ್ದರಿಂದ ಊರ ಗುಂಪುಗಳ ಆಯ್ಕೆ, ನೆಲದ ಕರಾರು, ಸಮಮಟ್ಟ ಹಿಡಿಯುವ ತರಬೇತಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮುಗಿಯಲಿ. ಕೂಲಿಯ ಮೊದಲ ಕಂತು ಅಕ್ಟೋಬರ್ ಕೊನೆಯೊಳಗೆ ಊರು ತಲುಪಲಿ. ಎರಡನೆಯದು ಫೆಬ್ರವರಿಯಲ್ಲಿ, ಹೊಲಕ್ಕೆ ಹೋಗಿ ಗುಂಡಿ ಎಣಿಸಿ, ಕಲ್ಲಿನ ಸಾಲಿಗೆ ಪೈಪು ಹಿಡಿದು ನೋಡಿದ ಮೇಲೆ.

ಇಂತಿ,
ಒಣಬೇಸಾಯ ಮತ್ತು ಜಲಾನಯನ ಕೆಲಸದಲ್ಲಿ ತೊಡಗಿರುವವರು